ಗಾಳಿ ಬಂದೂಕಿನ ಹೊಟ್ಟೆಗೆ ನೀರು ಹೊಕ್ಕ ಕಥೆ

ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೋಡಿರುತ್ತೀರಿ. ಅದರ ಟ್ಯಾಂಕಿನ ಅಡಿಯಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಅಂಗಡಿಯವರು ಅದನ್ನು ಸಡಿಲ ಮಾಡಿದರೆ ಬುಸ್ ಎನ್ನುವ ಗಾಳಿಯ ಜೊತೆ ತುಕ್ಕು ಬಣ್ಣದ ನೀರು ಚಿಮ್ಮುತ್ತದೆ. ಆ ಟ್ಯಾಂಕಿಗೆ ಯಾರೂ ನೀರು ಹುಯ್ದಿರುವುದಿಲ್ಲ. ತುಂಬಿದ್ದು ಬರೀ ಗಾಳಿ. ಗಾಳಿಯಲ್ಲಿದ್ದ ಆವಿಯೇ ಒತ್ತಡ ಬಿದ್ದು, ತಣ್ಣಗಾಗಿ, ನೀರಾಗಿ ತಳ ಸೇರಿರುತ್ತದೆ.

ಲಾರಿ ಟೈರಿಗೆ ಬೇಕಾದ ಒತ್ತಡ ಸುಮಾರು 8 ಬಾರ್. ಅಷ್ಟಕ್ಕೇ ಇಷ್ಟು ನೀರು. ಈಗ ಸ್ಪರ್ಧೆಗಳಲ್ಲಿ ಬಳಸುವ ಏರ್ ರೈಫಲ್‌ನ ಸಿಲಿಂಡರ್‌ಗೆ ತುಂಬುವುದು 200 ಬಾರ್. ಬೇರೆ ಕೆಲವು ಬಂದೂಕುಗಳಲ್ಲಿ 300ರವರೆಗೂ ಹೋಗುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಹೆಚ್ಚುಕಡಿಮೆ 1 ಬಾರ್. 200 ಬಾರ್ ಅಂದರೆ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಎರಡು ಕ್ವಿಂಟಾಲ್ ಭಾರ ಕೂತ ಹಾಗೆ. ಮೊದಲೇ ಗಾಳಿ ತುಂಬಿಟ್ಟುಕೊಂಡು, ಟ್ರಿಗರ್ ಎಳೆದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಬಿಡುವ ಈ ಬಂದೂಕುಗಳನ್ನು ಪೇಟೆಯಲ್ಲಿ ಪಿಸಿಪಿ ಎಂದು ಕರೆಯುತ್ತಾರೆ.

ಶೂಟಿಂಗ್ ಕಲಿಯಲು ಊರುಬಿಟ್ಟು ಪಟ್ಟಣ ಸೇರುವ ಹಳ್ಳಿ ಮಕ್ಕಳಿದ್ದಾರೆ. ಸ್ವಂತ ರೈಫಲ್ ಎಲ್ಲರ ಕೈಗೂ ಎಟಕುವ ಮಾತಲ್ಲ. ಒಂದೇ ರೈಫಲನ್ನು ಹಲವರು ಹಂಚಿಕೊಳ್ಳುವ ಕಡೆ, ಮಳೆಗಾಲದಲ್ಲಿ ಕೈಪಂಪಿನಿಂದ ಗಾಳಿ ತುಂಬುವ ಕಡೆ, ಗುರಿ ತಪ್ಪಿದರೆ ಮೊದಲು ಬೈಸಿಕೊಳ್ಳುವುದು ಮಗುವಿನ ಕೈ ಮತ್ತು ಉಸಿರು. ಬಂದೂಕಿನ ಒಳಗೇನಾಗಿದೆ ಎಂದು ನೋಡುವುದು ಆಮೇಲೆ. ಒಳಗೆ ಕೆಡುವುದು ಬಹುಪಾಲು ಎರಡೇ ಕಾರಣಕ್ಕೆ: ಒಂದು ಒತ್ತಡ ಸಮನಾಗಿ ಬಾರದಿರುವುದು, ಇನ್ನೊಂದು ನೀರು. ಈ ಎರಡರ ತಂಟೆಗೆ ಇನ್ನೂರ ನಲವತ್ತು ವರ್ಷದ ಚರಿತ್ರೆ ಇದೆ. ಆ ಚರಿತ್ರೆ ತಿಳಿದರೆ ರಿಪೇರಿಯ ದಾರಿಯೂ ಅರ್ಧ ತಿಳಿದ ಹಾಗೆ ಎಂದು ನಮಗನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇವೆ.

ಗಾಳಿ ತುಂಬಿದ ಬಂದೂಕು ಈಚಿನದು ಎಂದು ತಿಳಿದವರು ಬಹಳ. ಹಾಗಲ್ಲ. 1780ರ ಹೊತ್ತಿಗೆ ಆಸ್ಟ್ರಿಯಾದ ಸೈನ್ಯ ಇಂಥದ್ದನ್ನು ಸೈನಿಕರ ಕೈಗೆ ಕೊಟ್ಟಿತ್ತು. ಆಗ ಅಲ್ಲಿ ಎರಡನೇ ಜೋಸೆಫ್‌ನ ಆಳ್ವಿಕೆ. ಬಂದೂಕು ಮಾಡಿದವನು ಬಾರ್ಟೊಲೊಮಿಯೊ ಜಿರಾರ್ಡೋನಿ. ಹೆಗಲಿಗೆ ಆನಿಸುವ ಹಿಂಭಾಗ ಮರದ್ದಾಗಿರಲಿಲ್ಲ. ಅದೇ ಗಾಳಿಯ ಡಬ್ಬಿ. ಕಬ್ಬಿಣದ ತಗಡು ಸುತ್ತಿ, ರಿವೆಟ್ ಹೊಡೆದು, ಬೆಸೆದು ಮಾಡಿದ್ದು. ಖಾಲಿಯಾದರೆ ತಿರುಗಿಸಿ ಬಿಚ್ಚಿ ಇನ್ನೊಂದನ್ನು ಹಾಕಿಕೊಳ್ಳಬಹುದು. ನಳಿಕೆಯ ಪಕ್ಕದ ಕೊಳವೆಯಲ್ಲಿ 20ರಷ್ಟು ಸೀಸದ ಗುಂಡು. ಬಂದೂಕಿನ ಮೂತಿ ಮೇಲೆತ್ತಿ ಅಡ್ಡಪಟ್ಟಿಯನ್ನು ಒತ್ತಿದರೆ ಮುಂದಿನ ಗುಂಡು ತಾನಾಗಿ ಜಾರಿ ಬಂದು ಕೂರುತ್ತಿತ್ತು. ಮದ್ದು ತುಂಬಿ, ಗಜ ಹಾಕಿ ಜಡಿಯುವ ಕೋವಿಯವನು ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಭೇಷ್ ಎನ್ನುತ್ತಿದ್ದ ಕಾಲ ಅದು. ಇವನಿಗೆ ಹೊಗೆಯಿಲ್ಲ, ಮಳೆಗೆ ಮದ್ದು ನೆನೆಯುವ ಭಯವಿಲ್ಲ, ಒಂದರ ಹಿಂದೆ ಒಂದು ಗುಂಡು.

ಕೇಳಿದರೆ ಇಷ್ಟು ಒಳ್ಳೆಯ ಬಂದೂಕನ್ನು ಯಾಕೆ ಬಿಟ್ಟರು ಅನ್ನಿಸುತ್ತದೆ. ಉತ್ತರ ಪಂಪಿನಲ್ಲಿದೆ. ಡಬ್ಬಿಯೊಳಗಿನ ಒತ್ತಡ ಸುಮಾರು 55 ಬಾರ್. ಅಷ್ಟು ತುಂಬಲು ಕೈಪಂಪನ್ನು 1500 ಸಲ ಒತ್ತಬೇಕಿತ್ತು. ಒಮ್ಮೆ ತುಂಬಿದರೆ ಕೆಲಸಕ್ಕೆ ಬರುವುದು 30 ಗುಂಡು. ಬೇಸಾಯದ ಸ್ಪ್ರೇಯರ್ ಹೊತ್ತು ದಿನವಿಡೀ ಕೈಪಂಪು ಒತ್ತಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಸೈನ್ಯ ಗಾಡಿಯ ಮೇಲೆ ದೊಡ್ಡ ಪಂಪು ಇಟ್ಟುಕೊಂಡು ನೋಡಿತು. ಸೈನಿಕನಿಗೆ ಹೆಚ್ಚುವರಿ ಡಬ್ಬಿ ಕೊಟ್ಟು ನೋಡಿತು. ಅಂಥ ಡಬ್ಬಿ ಮಾಡುವುದೇ ಕಷ್ಟ. ಬೆಸುಗೆಯಲ್ಲಿ ಕೂದಲೆಳೆಯ ಸಂದು ಉಳಿದರೂ ಗಾಳಿ ನಿಲ್ಲುವುದಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಚರ್ಮದ ವಾಷರ್. ಆಗ ರಬ್ಬರ್ ವಾಷರ್ ಇರಲಿಲ್ಲ. ಡಬ್ಬಿಯ ಬಾಯಲ್ಲಿ ಗಾಳಿ ತಡೆಯಲು ಚರ್ಮವೇ ಗತಿ. ಚರ್ಮ ಒಣಗಿದರೆ ಕುಗ್ಗಿ ಸೋರುತ್ತದೆ, ಒದ್ದೆಯಾಗಿದ್ದರೆ ಉಬ್ಬಿ ಸಂದು ಮುಚ್ಚುತ್ತದೆ. ಹಾಗಾಗಿ ಅದನ್ನು ಸದಾ ಒದ್ದೆಯಾಗಿಡಬೇಕಿತ್ತು. ಊರಿನ ಹಳೇ ಬೋರಿಂಗ್ ಒಣಗಿದಾಗ ಮೇಲಿನಿಂದ ಒಂದು ಚೊಂಬು ನೀರು ಹುಯ್ದು ಒತ್ತುತ್ತಿದ್ದರಲ್ಲ, ಅದೇ ಲೆಕ್ಕ. ಇದನ್ನು ಸ್ವಲ್ಪ ನೆನಪಿನಲ್ಲಿಡಿ: ಆ ಗಾಳಿ ಬಂದೂಕಿಗೆ ನೀರು ಬೇಕಿತ್ತು. ನೀರಿಲ್ಲದಿದ್ದರೆ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ.

ಇನ್ನು ಒತ್ತಡ. ಪ್ರತಿ ಗುಂಡಿಗೂ ಡಬ್ಬಿಯ ಗಾಳಿ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲ ಗುಂಡಿನ ರಭಸ ಮೂವತ್ತನೆಯದಕ್ಕೆ ಇರುವುದಿಲ್ಲ. ದೂರಕ್ಕೆ ಹೊಡೆಯುವವನು ಎಷ್ಟನೇ ಗುಂಡು ಎಂದು ಎಣಿಸುತ್ತಾ ಅದಕ್ಕೆ ತಕ್ಕಂತೆ ಗುರಿಯನ್ನು ಮೇಲೆ ಹಿಡಿಯಬೇಕು. ಯುದ್ಧದ ಗದ್ದಲದಲ್ಲಿ ಅದು ಆಗುವ ಮಾತಲ್ಲ. 1815ರ ಸುಮಾರಿಗೆ ಆಸ್ಟ್ರಿಯಾ ಇವನ್ನು ಸೈನ್ಯದಿಂದ ಹಿಂತೆಗೆದುಕೊಂಡಿತು. ಶತ್ರು ಇದನ್ನು ಸೋಲಿಸಲಿಲ್ಲ, ಪಂಪು ಮತ್ತು ಚರ್ಮ ಸೋಲಿಸಿದವು ಎಂಬುದು ನಮ್ಮ ಅಭಿಪ್ರಾಯ.

ಇದರ ನಡುವೆ ಒಂದು ಗಾಳಿ ಬಂದೂಕು ಅಮೆರಿಕಕ್ಕೂ ಹೋಗಿತ್ತು. ಅಲ್ಲಿನ ಪಶ್ಚಿಮ ಭಾಗವನ್ನು ನೋಡಿ ಬರಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದಲ್ಲಿ ಲೂಯಿಸ್ ಬಳಿ ಇದ್ದದ್ದು ಅದು. ಜಿರಾರ್ಡೋನಿಯ ಮಾದರಿಯೇ ಇರಬೇಕು ಎಂದು ಈಗಿನ ಹಲವು ಸಂಶೋಧಕರು ಹೇಳುತ್ತಾರೆ. 1803ರ ಆಗಸ್ಟ್ 30ರಂದು ಪಿಟ್ಸ್‌ಬರ್ಗ್ ಹತ್ತಿರದ ಒಂದು ನಡುಗಡ್ಡೆಯಲ್ಲಿ ಲೂಯಿಸ್ ಅದನ್ನು ಜನರಿಗೆ ತೋರಿಸಿದ. ಕೈಗೆ ತೆಗೆದುಕೊಂಡವನೊಬ್ಬ ಗೊತ್ತಿಲ್ಲದೆ ಹಾರಿಸಿಬಿಟ್ಟ. ದೂರದಲ್ಲಿ ನಿಂತಿದ್ದ ಹೆಂಗಸಿನ ಕಣತಲೆ ಸವರಿಕೊಂಡು ಗುಂಡು ಹೋಯಿತು. ರಕ್ತ ಚಿಮ್ಮಿ ಆಕೆ ನೆಲಕ್ಕೆ ಬಿದ್ದಾಗ ಸತ್ತೇಹೋದಳೆಂದು ಎಲ್ಲರೂ ಗಾಬರಿಯಾದರು. ಪುಣ್ಯಕ್ಕೆ ಬದುಕಿದಳು. ಗಾಳಿ ಬಂದೂಕು ಆಟದ ಸಾಮಾನು ಎನ್ನುವವರಿಗೆ ನಾವು ಹೇಳುವ ಕಥೆ ಇದು. ಅದೇ ಪ್ರಯಾಣದಲ್ಲಿ 1805ರ ಜೂನ್‌ನಲ್ಲಿ ಬಂದೂಕಿನ ಮುಖ್ಯ ಸ್ಪ್ರಿಂಗನ್ನು ತಂಡದ ಕಮ್ಮಾರ ಜಾನ್ ಶೀಲ್ಡ್ಸ್ ಹೊಸದು ಮಾಡಿ ಹಾಕಿದ ಎಂದು ಲೂಯಿಸ್ ದಿನಚರಿಯಲ್ಲಿ ಬರೆದಿದ್ದಾನೆ. ಕಾಡಿನ ನಡುವೆ, ಕುಲುಮೆಯ ಬೆಂಕಿಯಲ್ಲಿ ರಿಪೇರಿ.

ಒತ್ತಡವನ್ನು ಸಮ ಮಾಡುವ ಉಪಾಯ ಹುಟ್ಟಿದ್ದು ಯುದ್ಧಭೂಮಿಯಲ್ಲಲ್ಲ, ಹೆಂಡದಂಗಡಿಗಾಗಿ. 1889ರಲ್ಲಿ ಜರ್ಮನಿಯ ಲ್ಯೂಬೆಕ್ ಊರಿನಲ್ಲಿ ಹೈನ್ರಿಕ್ ಡ್ರೇಗರ್ ಎಂಬಾತ ಪಾಲುದಾರನೊಬ್ಬನ ಜೊತೆ ಅಂಗಡಿ ತೆರೆದ. ಬಿಯರ್ ಪೀಪಾಯಿಯಿಂದ ಬಿಯರನ್ನು ಮೇಲೆತ್ತಲು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬಳಸುತ್ತಿದ್ದರು. ಸಿಲಿಂಡರ್‌ನ ಒತ್ತಡ ವಿಪರೀತ, ನೇರ ಬಿಟ್ಟರೆ ಬಿಯರೆಲ್ಲ ನೊರೆ. ಒತ್ತಡವನ್ನು ಇಳಿಸಿ, ಒಂದೇ ಸಮನೆ ಕೊಡುವ ವಾಲ್ವ್ ಒಂದನ್ನು ಡ್ರೇಗರ್ ಅಂಗಡಿ ಮಾರಾಟಕ್ಕೆ ತಂದಿತು. ಅದೇ ಕಂಪನಿ ಮುಂದೆ ಗಣಿಗಳಲ್ಲಿ ಸಿಕ್ಕಿಕೊಂಡವರನ್ನು ಉಳಿಸುವ ಉಸಿರಾಟದ ಉಪಕರಣಗಳಿಗೆ ಹೆಸರಾಯಿತು. 1943ರಲ್ಲಿ ಫ್ರಾನ್ಸಿನಲ್ಲಿ ಎಮಿಲ್ ಗಾನ್ಯಾ, ಪೆಟ್ರೋಲ್ ಸಿಗದ ಯುದ್ಧಕಾಲದಲ್ಲಿ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ತಾನು ಮಾಡಿದ್ದ ರೆಗ್ಯುಲೇಟರನ್ನೇ ತಿದ್ದಿ, ಕುಸ್ಟೋ ಜೊತೆ ಸೇರಿ ಮುಳುಗುಗಾರರ ಉಸಿರಿನ ಉಪಕರಣ ಮಾಡಿದ. ನಿಮ್ಮ ಅಡುಗೆಮನೆಯ ಸಿಲಿಂಡರ್ ಮೇಲೆ ಕೂತಿರುವುದೂ ಇದೇ ಬಳಗದ್ದು. ಸಿಲಿಂಡರ್ ತುಂಬಿರಲಿ, ಮುಗಿಯುತ್ತಾ ಬಂದಿರಲಿ, ಒಲೆಯ ಉರಿ ಒಂದೇ ಸಮ ಇರುವುದು ಅದರಿಂದ.

ಬಂದೂಕಿಗೆ ಬಂದರೆ, ಗಾಳಿ ಮೊದಲೇ ತುಂಬುವ ಪದ್ಧತಿ ಮತ್ತೆ ಚಾಲ್ತಿಗೆ ಬಂದದ್ದು ಇಂಗ್ಲೆಂಡಿನಲ್ಲಿ. 1978ರಲ್ಲಿ ಶುರುವಾದ ಡೇಸ್ಟೇಟ್ ಕಂಪನಿ ಮೊದಲು ಮಾಡುತ್ತಿದ್ದದ್ದು ಪ್ರಾಣಿಗಳಿಗೆ ದೂರದಿಂದ ಮತ್ತಿನ ಮದ್ದು ಚುಚ್ಚುವ ಬಂದೂಕು. ಅದರಿಂದಲೇ ಪಿಸಿಪಿ ರೈಫಲ್‌ಗೆ ಹೊರಳಿತು. ಹಾಸನ, ಕೊಡಗಿನ ಕಡೆಯವರಿಗೆ ಮತ್ತಿನ ಬಂದೂಕು ಹೊಸದಲ್ಲ. ಆನೆ ಹಿಡಿಯುವಾಗ ಅರಣ್ಯ ಇಲಾಖೆಯ ವೈದ್ಯರ ಕೈಯಲ್ಲಿ ನೋಡಿರುತ್ತೀರಿ. ಅನಿಲದ ಒತ್ತಡದಿಂದ ಹಾರಿಸುವ ಬಗೆಯದರಲ್ಲಿ ದೂರ ನೋಡಿ ಒತ್ತಡ ಇಡಬೇಕು. ಕಡಿಮೆ ಆದರೆ ಸೂಜಿ ಮುಟ್ಟುವುದಿಲ್ಲ, ಹೆಚ್ಚಾದರೆ ಪ್ರಾಣಿಗೆ ಗಾಯ.

10 ಮೀಟರ್ ಏರ್ ರೈಫಲ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಸ್ಪ್ರಿಂಗ್ ಬಂದೂಕು, ಒಂದೇ ಸಲ ಪಂಪು ಮಾಡುವ ಬಂದೂಕು, ಇಂಗಾಲದ ಡೈಆಕ್ಸೈಡ್ ಬಂದೂಕು ಎಲ್ಲವೂ ಒಂದೊಂದು ಕಾಲಕ್ಕೆ ಮೆರೆದವು. ಡೈಆಕ್ಸೈಡ್‌ನ ಗುಣ ವಿಚಿತ್ರ. ಅದು ಸಿಲಿಂಡರ್‌ನಲ್ಲಿ ದ್ರವವಾಗಿರುತ್ತದೆ, ಒತ್ತಡ ನಿಂತಿರುವುದು ಬಿಸಿಲಿನ ಮೇಲೆ. 10 ಡಿಗ್ರಿಯಲ್ಲಿ 45 ಬಾರ್, 20ರಲ್ಲಿ 57, 30ರಲ್ಲಿ 72. ಬೆಳಗಿನ ಚಳಿಯಲ್ಲಿ ಒಂದು ರಭಸ, ಮಧ್ಯಾಹ್ನ ಇನ್ನೊಂದು. 1990ರ ದಶಕದಲ್ಲಿ ಸ್ಪರ್ಧಾಳುಗಳು ಗಾಳಿ ತುಂಬುವ ರೈಫಲ್‌ಗೆ ಹೊರಳಲು ಇದೂ ಒಂದು ಕಾರಣ.

ರಭಸದಲ್ಲಿ ಸ್ವಲ್ಪ ಏರುಪೇರಾದರೆ ಏನು ಮಹಾ ಎನ್ನಬೇಡಿ. ಲೆಕ್ಕ ಹಾಕಿ ನೋಡೋಣ. ಸ್ಪರ್ಧೆಯ ಪೆಲೆಟ್ ಸೆಕೆಂಡಿಗೆ ಸುಮಾರು 172 ಮೀಟರ್ ವೇಗದಲ್ಲಿ ಹೋಗುತ್ತದೆ. 10 ಮೀಟರ್ ದಾಟುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ 16.6 ಮಿಲಿಮೀಟರ್ ಕೆಳಗಿಳಿಯುತ್ತದೆ. ಗುರಿ ಹೊಂದಿಸುವಾಗ ಇದನ್ನು ಸರಿಮಾಡಿರುತ್ತಾರೆ. ವೇಗ 5 ಮೀಟರ್ ಕಡಿಮೆಯಾದರೆ ಇಳಿಯುವುದು 17.6 ಮಿಲಿಮೀಟರ್. ವ್ಯತ್ಯಾಸ ಒಂದೇ ಮಿಲಿಮೀಟರ್. ಆದರೆ ಗುರಿಯ ಮಧ್ಯದ ಹತ್ತರ ಚುಕ್ಕೆಯ ಅಗಲವೇ ಅರ್ಧ ಮಿಲಿಮೀಟರ್! ಒಂದು ಮಿಲಿಮೀಟರ್ ಜಾರಿದರೆ 10.9 ಬರಬೇಕಾದಲ್ಲಿ 10.5 ಬರುತ್ತದೆ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ ಮುಂಚೆ ಫಿನ್ಲೆಂಡಿನ ಹಾಕಿನೆನ್ ಜೊತೆ ಸಮನಾಗಿ ನಿಂತಿದ್ದರು. ಬಿಂದ್ರಾ 10.8 ಹೊಡೆದು ಚಿನ್ನ ಗೆದ್ದರು, ಆತ 9.7 ಹೊಡೆದು ಕಂಚಿಗೆ ಇಳಿದ. ದಶಮಾಂಶಗಳ ಆಟ ಇದು.

ಈಗ ರೆಗ್ಯುಲೇಟರ್ ಒಳಗೆ ಹೋಗೋಣ. ಒಂದು ಪುಟ್ಟ ಪಿಸ್ಟನ್. ಅದರ ಒಂದು ತುದಿ ಸಣ್ಣದು, ಇನ್ನೊಂದು ತುದಿ ಅಗಲ. ಬಟ್ಟಲಿನ ಹಾಗೆ ಬಾಗಿದ ಸ್ಟೀಲ್ ವಾಷರ್‌ಗಳ ಸಾಲು ಪಿಸ್ಟನ್ನನ್ನು ತೆರೆದಿಡಲು ತಳ್ಳುತ್ತಿರುತ್ತದೆ. ಸಿಲಿಂಡರ್‌ನಿಂದ ಗಾಳಿ ಮುಂದಿನ ಸಣ್ಣ ಕೋಣೆಗೆ ತುಂಬುತ್ತದೆ. ಅಲ್ಲಿ ಬೇಕಾದಷ್ಟು ಒತ್ತಡ ಆದ ಕೂಡಲೇ ಅದು ಪಿಸ್ಟನ್ನಿನ ಅಗಲ ತುದಿಯನ್ನು ಹಿಂದಕ್ಕೆ ತಳ್ಳಿ, ಸಣ್ಣ ತುದಿ ಹೋಗಿ ತೂತಿನ ಮೇಲೆ ಕೂತು ದಾರಿ ಮುಚ್ಚುತ್ತದೆ. ಗುಂಡು ಹಾರಿದಾಗ ಕೋಣೆ ಬರಿದಾಗುತ್ತದೆ, ಪಿಸ್ಟನ್ ಮತ್ತೆ ತೆರೆಯುತ್ತದೆ. ಅಷ್ಟೇ ಯಂತ್ರ. ಆ ಸಣ್ಣ ತುದಿ ಕೂರುವ ಜಾಗ ಕನ್ನಡಿಯಂತೆ ನಯವಾಗಿರಬೇಕು ಎಂಬುದೇ ಎಲ್ಲ ಕಷ್ಟದ ಮೂಲ.

ಅಲ್ಲಿ ಒಂದು ಧೂಳಿನ ಕಣ, ತುಕ್ಕಿನ ಪುಡಿ, ಕೂದಲೆಳೆಯ ಗೀರು ಇದ್ದರೆ ದಾರಿ ಪೂರ್ತಿ ಮುಚ್ಚುವುದಿಲ್ಲ. ಬಂದೂಕು ಸುಮ್ಮನಿದ್ದಾಗ ಗಾಳಿ ಒಂದೊಂದೇ ಎಳೆಯಾಗಿ ಕೋಣೆಗೆ ನುಸುಳಿ ಒತ್ತಡ ಏರುತ್ತಾ ಹೋಗುತ್ತದೆ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆದರೆ ಮೊದಲ ಗುಂಡು ಎಲ್ಲಿಗೋ, ಎರಡನೆಯದರಿಂದ ಎಲ್ಲವೂ ಸರಿ. ಈ ಲಕ್ಷಣ ಕಂಡರೆ ಮೊದಲ ಅನುಮಾನ ರೆಗ್ಯುಲೇಟರ್ ಮೇಲೆ ಇರಲಿ, ಮಗುವಿನ ಕೈ ಮೇಲಲ್ಲ. ಮೊದಲ ಗುಂಡು ಯಾವಾಗಲೂ ಜೋರಾಗಿಯೇ ಹೋಗಬೇಕೆಂದಿಲ್ಲ. ಒತ್ತಡ ತೀರಾ ಏರಿದರೆ ಒಳಗಿನ ಸುತ್ತಿಗೆಗೆ ವಾಲ್ವನ್ನು ಸರಿಯಾಗಿ ತೆರೆಯಲಾಗದೆ ಗುಂಡು ನಿಧಾನವೂ ಆಗಬಹುದು. ರೆಗ್ಯುಲೇಟರ್ ಇಲ್ಲದ ಬಂದೂಕಿನಲ್ಲಿ ಇದು ದಿನವೂ ಕಾಣುತ್ತದೆ: ಪೂರ್ತಿ ತುಂಬಿದಾಗ ನಿಧಾನ, ನಡುವೆ ಜೋರು, ಕೊನೆಗೆ ಮತ್ತೆ ನಿಧಾನ.

ಇನ್ನೊಂದು ಲಕ್ಷಣ, ಬೇಗ ಬೇಗ ಹೊಡೆದಾಗ ವೇಗ ಬೀಳುವುದು, ಒಂದು ನಿಮಿಷ ಬಿಟ್ಟು ಹೊಡೆದರೆ ಸರಿಯಾಗುವುದು. ಕೋಣೆ ತುಂಬುವ ದಾರಿ ಕಟ್ಟಿಕೊಂಡಿದೆ ಎಂದರ್ಥ. ಜಿಡ್ಡು, ನೀರು, ಸೋಸುವ ಜಾಲರಿಯ ಕೊಳೆ ನೋಡಬೇಕು. ರೆಗ್ಯುಲೇಟರ್‌ಗೆ ಹೊರಗಾಳಿ ಆಡಲು ಬಿಟ್ಟ ಸಣ್ಣ ತೂತಿನಿಂದ ಗಾಳಿ ಸೋರುತ್ತಿದ್ದರೆ ಪಿಸ್ಟನ್ನಿನ ರಬ್ಬರ್ ರಿಂಗ್ ಹೋಗಿದೆ. ಆ ತೂತನ್ನು ಎಂದೂ ಮುಚ್ಚಬೇಡಿ. ಇನ್ನು ಸಿಲಿಂಡರ್‌ನ ಗಾಳಿ ರೆಗ್ಯುಲೇಟರ್ ಇಟ್ಟ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ವೇಗ ಬೀಳುತ್ತಾ ಹೋಗುವುದು ರೋಗವೇ ಅಲ್ಲ, ಹಸಿವು. ಗಾಳಿ ತುಂಬಿದರೆ ಮುಗಿಯಿತು. ಅದಕ್ಕೂ ಬಿಚ್ಚಿ ಹಾಳು ಮಾಡುವವರಿದ್ದಾರೆ.

ಆ ತುಕ್ಕಿನ ಪುಡಿ ಎಲ್ಲಿಂದ ಬಂತು? ಮತ್ತೆ ನೀರಿಗೇ ಬಂದೆವು. ಮಂಗಳೂರಿನ ಮಳೆಗಾಲದಲ್ಲಿ, 28 ಡಿಗ್ರಿ ಸೆಕೆಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ 27 ಗ್ರಾಂವರೆಗೆ ನೀರಿನ ಆವಿ ಇರಬಹುದು. 200 ಮಿಲಿಲೀಟರ್ ಸಿಲಿಂಡರನ್ನು 200 ಬಾರ್‌ಗೆ ತುಂಬಲು 40 ಲೀಟರ್ ಹೊರಗಾಳಿ ಬೇಕು. ಅದರಲ್ಲಿರುವ ನೀರು ಒಂದು ಗ್ರಾಂ ಆಸುಪಾಸು, ಅಂದರೆ ಇಪ್ಪತ್ತು ಹನಿ. ಸಿಲಿಂಡರ್‌ನ ಗಾಳಿ ಆವಿಯಾಗಿ ಹಿಡಿದಿಡಬಲ್ಲದ್ದು ಅದರಲ್ಲಿ ಲೆಕ್ಕಕ್ಕಿಲ್ಲದಷ್ಟು. ಉಳಿದದ್ದು ಪಂಪಿನಲ್ಲೋ ಸಿಲಿಂಡರ್‌ನಲ್ಲೋ ಹನಿಯಾಗಿ ನಿಲ್ಲುತ್ತದೆ. ಇದು ಒಂದು ಸಲ ತುಂಬಿದ್ದಕ್ಕೆ. ಚಳಿಗಾಲದ ವಿಜಯಪುರದ ಒಣ ಗಾಳಿಯಲ್ಲಾದರೆ ಇದಕ್ಕಿಂತ ಎಷ್ಟೋ ಕಡಿಮೆ ಇದ್ದೀತು. ಒಂದೇ ಬಂದೂಕು ಒಂದೂರಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಇನ್ನೊಂದೂರಲ್ಲಿ ಒಂದೇ ಮಳೆಗಾಲಕ್ಕೆ ಹಟ ಹಿಡಿಯುವುದು ಇದಕ್ಕೇ.

ನೀರು ಸ್ಟೀಲ್ ಕೊಳವೆಯ ಗೋಡೆಗೆ ತುಕ್ಕು ತರುತ್ತದೆ. ತುಕ್ಕು ಪುಡಿಯಾಗಿ ಗಾಳಿಯ ಜೊತೆ ಹೊರಟು ರೆಗ್ಯುಲೇಟರ್‌ನ ನಯವಾದ ಜಾಗಕ್ಕೆ ಬಂದು ಕೂರುತ್ತದೆ. ಸೀಲ್ ದಾಟಿದ ನೀರು ಬಟ್ಟಲು ವಾಷರ್‌ಗಳನ್ನು ಹಿಡಿದು ಅವುಗಳ ಚಲನೆ ಕೆಡಿಸುತ್ತದೆ. ಬಿಚ್ಚಿದಾಗ ಗ್ರೀಸ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದೇ ತಿಳಿಯಿರಿ. ಜಿರಾರ್ಡೋನಿಯ ಚರ್ಮಕ್ಕೆ ಜೀವ ಕೊಟ್ಟ ನೀರೇ ರಬ್ಬರ್ ಮತ್ತು ಸ್ಟೀಲ್ ಕಾಲಕ್ಕೆ ಬಂದು ಶತ್ರುವಾಯಿತು.

ತಡೆಯುವ ದಾರಿ ಕಷ್ಟದ್ದಲ್ಲ. ಹೊಸ ಚಪ್ಪಲಿ, ಮೊಬೈಲ್ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣದ ಕಾಳು ಸಿಲಿಕಾ ಜೆಲ್. ಅಂಥ ತೇವ ಹೀರುವ ಕಾಳು ತುಂಬಿದ ಫಿಲ್ಟರ್ ಪಂಪಿಗೆ ಬೇಕು. ಒತ್ತಡ ಹೆಚ್ಚಿದ ಕಡೆಯಲ್ಲಿ, ಅಂದರೆ ಪಂಪು ಮತ್ತು ಬಂದೂಕಿನ ನಡುವೆ ಇಟ್ಟರೆ ಹೆಚ್ಚು ಫಲ, ಆವಿ ಅಲ್ಲೇ ದಟ್ಟವಾಗಿರುವುದು. ಆದರೆ ಆ ಫಿಲ್ಟರ್ ಅಷ್ಟು ಒತ್ತಡಕ್ಕೇ ಮಾಡಿದ್ದಾಗಿರಬೇಕು, ಊರಲ್ಲಿ ಲೇತ್ ಮೇಲೆ ಕಡೆದದ್ದಲ್ಲ. ಕೈಪಂಪು ಒತ್ತುವಾಗ ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ, ಅದರ ಸಣ್ಣ ತಿರುಪು ಬಿಚ್ಚಿ ನೀರು ಹೊರಬಿಟ್ಟು, ಪಂಪು ತಣ್ಣಗಾದ ಮೇಲೆ ಮುಂದುವರಿಸಬೇಕು. ಮುಳುಗುಗಾರರ ಸಿಲಿಂಡರ್‌ನ ಗಾಳಿ ಒಣಗಿಸಿ ತುಂಬಿದ್ದು. ಅದು ಸಿಗುವ ಕಡೆ ಅದೇ ಮೇಲು.

ಕೈಪಂಪಿಗೆ, ಬಂದೂಕಿಗೆ ಅಡುಗೆ ಎಣ್ಣೆ, ಎಂಜಿನ್ ಆಯಿಲ್ ಬಿಡುವವರಿಗೆ ಒಂದು ಮಾತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇರುವುದಿಲ್ಲ; ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ನಿಮ್ಮ ಟ್ರಾಕ್ಟರ್ ಓಡುವ ಸೂತ್ರವೇ ಬಂದೂಕಿನ ಕೊಳವೆಯೊಳಗೂ ನಡೆಯಬಹುದು. ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಬಿಟ್ಟು ಬೇರೇನೂ ಒಳಗೆ ಹೋಗಕೂಡದು. ಇದಕ್ಕಿಂತ ಅಪಾಯದ್ದು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್. ಅದರಲ್ಲಿ ಒತ್ತಡ ಇದೆ, ಹತ್ತಿರದಲ್ಲೇ ಸಿಗುತ್ತದೆ, ಒಣಗಿಯೂ ಇದೆ ಎಂದು ತುಂಬಲು ಹೋದರೆ, ಆಕ್ಸಿಜನ್ ಮತ್ತು ಗ್ರೀಸ್ ಸೇರಿ ಸಿಡಿಯುತ್ತವೆ. ಕೈಯೋ ಮುಖವೋ ಉಳಿಯುವುದಿಲ್ಲ. ಯಾರು ಎಷ್ಟೇ ಧೈರ್ಯ ಹೇಳಿದರೂ ಬೇಡ.

ಬಿಚ್ಚುವ ಮುನ್ನ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ಮೀಟರ್ ಸೊನ್ನೆ ತೋರಿಸಿದರೂ ನಂಬಬಾರದು, ಮುಳ್ಳು ಸಿಕ್ಕಿಕೊಂಡಿರಬಹುದು. ರೆಗ್ಯುಲೇಟರ್ ಆಚೆಗಿನ ಕೋಣೆಯಲ್ಲಿ ಬೇರೆಯೇ ಗಾಳಿ ಉಳಿದಿರಬಹುದು. ತಿರುಪು ಎಂದಿಗಿಂತ ಬಿಗಿ ಅನ್ನಿಸಿದರೆ ಒಳಗೆ ಗಾಳಿಯಿದೆ ಎಂದು ತಿಳಿದು ಕೈಬಿಡಿ. ಕಾನೂನಿನ ಮಾತೂ ಒಂದಿದೆ. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್‌ಗಿಂತ ಹೆಚ್ಚು ಶಕ್ತಿಯ, ಅಥವಾ 0.177 ಇಂಚಿಗಿಂತ ದೊಡ್ಡ ನಳಿಕೆಯ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಕು. ಸ್ಪ್ರಿಂಗ್ ಬಿಗಿ ಮಾಡಿ, ರೆಗ್ಯುಲೇಟರ್ ಏರಿಸಿ ಶಕ್ತಿ ಹೆಚ್ಚಿಸಿಕೊಡುತ್ತೇವೆ ಎನ್ನುವವರು ಈ ಗೆರೆಯ ಬಗ್ಗೆ ಹೇಳುವುದಿಲ್ಲ.

ಸಿಲಿಂಡರ್‌ಗೂ ಆಯಸ್ಸಿದೆ. ಅದರ ಮೈಮೇಲೆ ತಾರೀಕು ಅಚ್ಚಾಗಿರುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆ ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆ ಸ್ಪರ್ಧಿಯದೇ, ಅಧಿಕಾರಿಗಳು ಪರೀಕ್ಷಿಸಲೂಬಹುದು. ಹಳೆಯ ರೈಫಲ್ ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳುವವರು ನಳಿಕೆಯನ್ನು, ಮರವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಮೊದಲು ಓದಬೇಕಾದದ್ದು ಆ ತಾರೀಕು. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರ್‌ನ ಬೆಲೆಯನ್ನೂ ಸೇರಿಸಿಯೇ ವ್ಯಾಪಾರದ ಮಾತು ಆಡಿ.